ತುಳಸಿಕಟ್ಟೆಯ ಮೇಲಿನ ಮೂರು ಬೋಲ್ಟು

ನನ್ನ ತಮ್ಮನಿಗೆ ನಾನು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. "ನಾನು ಕೊಟ್ಟ ಬೋಲ್ಟು ಹೊರಗಿನ ಕೆಲಸಕ್ಕೆ ಆಗಲ್ಲ ಕಣೋ, ಬಿಚ್ಚಿ ಬೇರೆ ಹಾಕು" ಅನ್ನುವ ಮಾತು, ಒಂದೇ ಉಸಿರಿನದು. ಅದು ನನ್ನ ಬಾಯಿಂದ ಹೊರಡಲು ಏಳು ವರ್ಷ ಹಿಡಿಯಿತು. ಅಷ್ಟರಲ್ಲಿ ಅವನು ತನ್ನ ಕೈಯ ಮೇಲೆ ತನಗಿದ್ದ ನಂಬಿಕೆಯನ್ನೇ ಕಳೆದುಕೊಂಡಿದ್ದ.

ನಾನು ಓದಿದ್ದು ಏಳನೇ ಕ್ಲಾಸು. ಹಾರನಹಳ್ಳಿಯಿಂದ ಅರಸೀಕೆರೆಗೆ ಮದುವೆಯಾಗಿ ಬಂದೆ. ಗಂಡನ ಮನೆಯವರದು ಕಬ್ಬಿಣದ ಸಾಮಾನಿನ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ಮಧ್ಯೆ ಒಂದು ಪರದೆ. ನನ್ನ ಗಂಡ ಸಾಮಾನು ತರಲು ಊರೂರು ತಿರುಗುವವರು, ಹಾಗಾಗಿ ಕೌಂಟರಿನಲ್ಲಿ ಕೂರುವುದು ನನ್ನ ಪಾಲಿಗೆ ಬಂತು. ಮೊದಲ ಎರಡು ವರ್ಷ ಮೊಳೆ ತೂಗುವುದು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಗಿರಾಕಿ ಬಂದರೆ "ಯಜಮಾನ್ರು ಇಲ್ವೇನಮ್ಮಾ?" ಅಂತ ಕೇಳಿ, ಇಲ್ಲ ಅಂದರೆ ವಾಪಸ್ಸು ಹೋಗುತ್ತಿದ್ದರು. ಆಮೇಲೆ ಆಮೇಲೆ ಬೆರಳಿಗೇ ಬುದ್ಧಿ ಬಂತು. ನಟ್ಟನ್ನು ಬೋಲ್ಟಿನ ಮೇಲೆ ಎರಡು ಸುತ್ತು ತಿರುಗಿಸಿದರೆ ಸಾಕು, ಅದು ಯಾವ ಅಳತೆ, ಅದರ ಮರೆ, ಅಂದರೆ ತಿರುಪಿನ ಗೆರೆ, ಸರಿ ಇದೆಯೋ ಇಲ್ಲವೋ ಹೇಳಬಲ್ಲವಳಾದೆ. ಆದರೂ ಅಂಗಡಿಯಲ್ಲಿ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳುತ್ತಿದ್ದವನು ತಮ್ಮ ಒಬ್ಬನೇ.

ಅವನು ನನಗಿಂತ ಆರು ವರ್ಷ ಚಿಕ್ಕವನು. ಬೇಲೂರಿನ ಒಂದು ವೆಲ್ಡಿಂಗ್ ಶಾಪಿನಲ್ಲಿ ಕೆಲಸ ಕಲಿತು, ಅಲ್ಲೇ ಒಂದು ರೂಮು ಹಿಡಿದು ಸ್ವಂತವಾಗಿ ಕೆಲಸ ಶುರುಮಾಡಿದ್ದ. ಗೇಟು, ಶೀಟಿನ ಮಾಡು, ನೀರಿನ ಟ್ಯಾಂಕಿನ ಸ್ಟ್ಯಾಂಡು. ಆಗ ಬೇಲೂರಿನಲ್ಲಿ ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ವೆಲ್ಡಿಂಗ್ ಅರ್ಧಕ್ಕೆ ನಿಂತು ಹೋಗುತ್ತದೆ ಅಂತ ಅವನು ಎಲ್ಲದಕ್ಕೂ ತೂತು ಕೊರೆದು ಬೋಲ್ಟು ಹಾಕುವ ದಾರಿ ಹಿಡಿದ. ಅದರಲ್ಲೇ ಹೆಸರಾದ. ಪ್ರತಿ ಬೋಲ್ಟನ್ನು ಬಿಗಿ ಮಾಡಿದ ಮೇಲೆ ಸ್ಪ್ಯಾನರಿನಿಂದ ಒಂದು ಸಲ ತಟ್ಟಿ, ಕಿವಿ ಹತ್ತಿರ ತಂದು ಕೇಳುತ್ತಿದ್ದ. ಸದ್ದು ಸರಿ ಬಂದರೆ "ಕೂತ್ಕಂತು" ಅನ್ನುತ್ತಿದ್ದ. ಅವನು ಕೂತ್ಕಂತು ಅಂದ ಮೇಲೆ ಅದು ಅಲ್ಲಾಡಿದ್ದನ್ನು ಯಾರೂ ಕಂಡಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದ ಕಾಲ. ಹಳೇಬೀಡಿನ ರಸ್ತೆಯಲ್ಲಿ ತಿಂಡಿ ಹೋಟೆಲು ಇಟ್ಟಿದ್ದ ಒಬ್ಬರು ಅಂಗಳಕ್ಕೆ ಬಳ್ಳಿ ಹಬ್ಬಿಸುವ ದೊಡ್ಡ ಚಪ್ಪರ ಕೇಳಿದರು. ಟೂರಿಸ್ಟ್ ಬಸ್ಸುಗಳು ನಿಲ್ಲುವ ಜಾಗ. ಅದು ತಮ್ಮನಿಗೆ ಬಂದ ಮೊದಲ ದೊಡ್ಡ ಕೆಲಸ. ಮಳೆಗಾಲ ಶುರುವಾಗುವ ಮುಂಚೆ ಅಂಗಡಿಗೆ ಬಂದು ಕೌಂಟರಿನ ಮೇಲೆ ಮೊಣಕೈ ಊರಿ ನಿಂತ.

"ಅಕ್ಕಾ, ಹೋಟೆಲಿನೋರದ್ದು ಒಂದೇ ಹಟ. ಚಪ್ಪರ ಪೂರ್ತಿ ಕಪ್ಪಗಿರಬೇಕಂತೆ. ಬೋಲ್ಟೂ ಕಪ್ಪಂತೆ. ಬೆಳ್ಳಗೆ ಹಲ್ಲು ಕಿರಿಯಂಗಿಲ್ಲ, ಫೋಟೋದಾಗೆ ಕಾಣ್ತದೆ ಅಂತಾರೆ."

"ಜಿ.ಐ. ಬೋಲ್ಟಿಗೆ ಬಣ್ಣ ಬಳಿಯೋ."

"ಬಳಿದು ನೋಡ್ದೆ. ಬೇಯಿಸಿದ ಆಲೂಗೆಡ್ಡೆ ಸಿಪ್ಪೆ ಥರ ಉಗುರಲ್ಲೇ ಎದ್ದು ಬತ್ತೈತೆ. ನೀನೇ ಹೇಳು, ಯಾವ್ದು ಹಾಕ್ಲಿ? ಮಳೆ ಮುಗಿದ ಮ್ಯಾಲೆ ಕೆಲಸ. ಅಲ್ಲೀಗಂಟ ಟೈಮ್ ಐತೆ."

ನೀನೇ ಹೇಳು ಅಂದನಲ್ಲ, ಅದು ನನ್ನ ತಲೆಗೆ ಏರಿತು. ನಮ್ಮ ಅಂಗಡಿಯಲ್ಲಿ ಮೂರು ಥರ ಇತ್ತು. ಒಂದು ಜಿ.ಐ., ಬೂದಿ ಬಣ್ಣದ್ದು, ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದು, ಮುಟ್ಟಿದರೆ ಒರಟು. ಎರಡನೆಯದು ಕರಿ ಜಿಂಕು. ತೆಳ್ಳಗೆ ಸತುವಿನ ಲೇಪ ಕೊಟ್ಟು ಅದನ್ನೇ ಕಪ್ಪಾಗಿಸಿದ್ದು, ಓರೆಯಾಗಿ ಹಿಡಿದರೆ ನೀಲಿ ನೀಲಿ ಹೊಳೆಯುತ್ತಿತ್ತು. ಅದು ಒಂದೇ ಪೆಟ್ಟಿಗೆ ಇತ್ತು. ಮೂರನೆಯದಕ್ಕೆ ನಾವು ಎಣ್ಣೆಗಪ್ಪು ಅನ್ನುತ್ತಿದ್ದೆವು. ಮಿಲ್ಲಿನವರು, ಎಂಜಿನ್ ರಿಪೇರಿಯವರು ಕೊಳ್ಳುವ ಬೋಲ್ಟು. ಕಬ್ಬಿಣವನ್ನೇ ಕಪ್ಪಾಗಿಸಿ ಎಣ್ಣೆಯಲ್ಲಿ ಅದ್ದಿದ್ದು, ಮೇಲೆ ಬೇರೆ ಲೋಹದ ಹೊದಿಕೆ ಇಲ್ಲ. ನೋಡಲು ಮಾತ್ರ ಮೂರರಲ್ಲಿ ಅದೇ ಚೆಂದ. ಆಗ ತಾನೆ ಅಭಿಷೇಕ ಮಾಡಿ ಎಣ್ಣೆ ಒರೆಸಿದ ಮೂರ್ತಿಯ ಕಪ್ಪು.

ನಾನು ಮೂರರಲ್ಲೂ ಒಂದೊಂದು ತೆಗೆದುಕೊಂಡು ಹೋಗಿ ಹಿತ್ತಲಿನ ತುಳಸಿಕಟ್ಟೆಯ ಮೇಲೆ ಇಟ್ಟೆ. ಅಲ್ಲಿ ಮಳೆ ನೇರ ಬೀಳುತ್ತದೆ. ದಿನಾ ಬೆಳಿಗ್ಗೆ ನಾನೇ ತುಳಸಿಗೆ ನೀರು ಹಾಕುತ್ತೇನೆ, ಅದೂ ಬೀಳುತ್ತದೆ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಯಾವ ಕಾಲೇಜಿನಲ್ಲಿ ಮಾಡುತ್ತಾರೆ ಅಂತ ನನ್ನಲ್ಲೇ ಬೀಗಿದೆ.

ಆ ವರ್ಷ ಮಳೆ ಚೆನ್ನಾಗಿಯೇ ಆಯಿತು. ನವರಾತ್ರಿಗೆ ಕಟ್ಟೆ ತೊಳೆಯುವಾಗ ಮೂರನ್ನೂ ಕೈಗೆ ತೆಗೆದುಕೊಂಡೆ. ಜಿ.ಐ. ಇದ್ದಂಗೇ ಇತ್ತು. ಕರಿ ಜಿಂಕಿನ ಅಂಚಿಗೆ ಬಿಳಿ ಬೂದಿ ಹಿಡಿದಿತ್ತು. ಎಣ್ಣೆಗಪ್ಪು ಮಾತ್ರ ಇಟ್ಟ ದಿನಕ್ಕಿಂತ ಚೆನ್ನಾಗಿತ್ತು. ಗಂಡನಿಗೆ ತೋರಿಸಿದೆ. ಅವರು ಬೆಳಕಿಗೆ ಹಿಡಿದು ನೋಡಿ, "ಅರೆ! ಇದು ಒಳಗಿನ ಕೆಲಸದ್ದು ಅಂತಾರಲ್ಲೇ" ಅಂದರು.

"ಅನ್ನೋರು ಇಟ್ಟು ನೋಡಿದ್ರಾ?" ಅಂದೆ.

ಅವರು ನಕ್ಕರು. ಅವತ್ತಿನಿಂದ ಗಿರಾಕಿಗಳ ಮುಂದೆ, "ನಮ್ಮನೆ ಇಂಜಿನಿಯರ್ ಅಲ್ಲಿ ಕೂತವ್ಳೆ, ಅವಳನ್ನೇ ಕೇಳಿ" ಅನ್ನಲು ಶುರುಮಾಡಿದರು. ಮೊದಮೊದಲು ಗೇಲಿಗೆ, ಆಮೇಲೆ ನಿಜವಾಗಿ. ಜನ ನಿಜಕ್ಕೂ ಕೇಳತೊಡಗಿದರು.

ತಮ್ಮ ಅರವತ್ತೆಂಟು ಎಣ್ಣೆಗಪ್ಪು ಬೋಲ್ಟು ಚೀಲದಲ್ಲಿ ಹಾಕಿಕೊಂಡು ಬೇಲೂರು ಬಸ್ಸು ಹತ್ತಿದ. ದೀಪಾವಳಿ ಹೊತ್ತಿಗೆ ಚಪ್ಪರ ಎದ್ದಿತು.

ಆಮೇಲೆ ಕಾರ್ತೀಕದ ಒಂದು ಸಂಜೆ. ನಾನು ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದೆ. ನಮ್ಮ ಅತ್ತೆ ತುಳಸಿಯ ಮುಂದೆ ದೀಪ ಹಚ್ಚುತ್ತಿದ್ದರು. ಹಳೆಯ ಬತ್ತಿ ತೆಗೆದರು, ಹೊಸ ಬತ್ತಿ ಎಣ್ಣೆಯಲ್ಲಿ ಹೊರಳಿಸಿದರು, ಹಚ್ಚಿದರು, ಕೈ ಮುಗಿದರು. ಹೋಗುವ ಮುಂಚೆ, ಎಣ್ಣೆಯಾದ ಬೆರಳುಗಳನ್ನು ಆ ಎಣ್ಣೆಗಪ್ಪು ಬೋಲ್ಟಿಗೆ ಚೆನ್ನಾಗಿ ತಿಕ್ಕಿ ಒರೆಸಿದರು. ನಾನು ಪರೀಕ್ಷೆ ಮುಗಿದ ಮೇಲೂ ಅವನ್ನು ಅಲ್ಲೇ ಬಿಟ್ಟಿದ್ದೆ.

"ಅತ್ತೇ, ಏನ್ ಮಾಡ್ತಿದೀರಿ?"

"ಏನ್ ಮಾಡ್ತೀನಿ? ಕೈ ಒರೆಸ್ಕಂಡೆ."

"ದಿನಾ ಹಂಗೇ ಮಾಡ್ತೀರಾ?"

"ಅಯ್ಯೋ ಸರಿ ಹೋಯ್ತು. ದೀಪದೆಣ್ಣೆ ಸೀರೆಗೆ ಒರೆಸ್ಕಬೇಕಾ? ಮೊದ್ಲು ಬಾಗಿಲು ಚಿಲಕಕ್ಕೆ ಒರೆಸ್ತಿದ್ದೆ. ನೀನು ಇವನ್ನ ಇಲ್ಲಿ ತಂದು ಮಡಗ್ದೆ. ಕಬ್ಬಿಣ ಮಳೇಲಿ ನೆನೀತಾ ಕೂತೈತೆ, ಪಾಪ ಅಂತ ಇದಕ್ಕೆ ಒರೆಸ್ದೆ."

"ಮಿಕ್ಕಿದ್ದಕ್ಕೆ?"

"ಅವು ಬೆಳ್ಳಿ ಥರ, ನವಿಲು ಥರ ಶೋಕಿಯಾಗವೆ. ಅವಕ್ಯಾಕೆ ಎಣ್ಣೆ?"

ಎಣ್ಣೆ ವ್ಯರ್ಥ ಮಾಡಬಾರದು, ಮನೆಯ ಕಬ್ಬಿಣ ಕೆಂಪಾಗಬಾರದು ಅಂತ ಬೆಳೆದ ಹೆಂಗಸು ಅವರು. ನಮ್ಮಮ್ಮನೂ ಕುಡುಗೋಲಿಗೆ ಹಾಗೇ ಒರೆಸುತ್ತಿದ್ದಳು. ನನಗೆ ಹೊಳೆಯಬೇಕಿತ್ತು. ಅಷ್ಟೂ ದಿನ ಮಳೆ ತೊಳೆದ ಎಣ್ಣೆಯನ್ನು ಸಂಜೆ ಸಂಜೆಗೆ ಅವರು ತುಂಬಿ ಕೊಡುತ್ತಿದ್ದರು.

ನಾನು ಆ ಬೋಲ್ಟನ್ನು ಸೋಪು ಹಾಕಿ ತೊಳೆದು ಬಚ್ಚಲಿನ ಗೋಡೆಯ ಮೇಲೆ ಇಟ್ಟೆ. ತಿಂಗಳು ತುಂಬುವುದರೊಳಗೆ ಮರೆಯ ಸಂದಿಯಲ್ಲೆಲ್ಲ ಕೆಂಪು ಬಂತು. ಹಾಗಾಗಿ ನನಗೆ ಗೊತ್ತಿರಲಿಲ್ಲ ಅಂತ ಹೇಳಿಕೊಳ್ಳುವಂತಿಲ್ಲ. ಇನ್ನೂ ಒಂದು ವಿಷಯ ಆ ಚಳಿಗಾಲದಲ್ಲೇ ತಿಳಿಯಿತು. ಬೆಂಗಳೂರಿನಿಂದ ಬರುವ ಸಾಮಾನಿನ ಏಜೆಂಟರೊಬ್ಬರು ಟೀ ಕುಡಿಯುತ್ತಾ ಹೇಳಿದರು: "ಜಿಂಕಿಗೆ ಬಿಳಿ ಬೂದಿ ಬಂದ್ರೆ ಹೆದರಬೇಡಿ ಅಮ್ಮಾ. ಜಿಂಕು ತಾನು ಸವೆದು ಒಳಗಿನ ಕಬ್ಬಿಣ ಕಾಯ್ತಾ ಇದೆ ಅಂತ. ಕೆಂಪು ಬಂದ್ರೆ ಹೆದರಿ." ಆದರೂ ಅದರದ್ದು ತೆಳು ಲೇಪ, ಸದಾ ನೆನೆಯುವ ಕಡೆಗೆ ದಪ್ಪ ಲೇಪದ ಜಿ.ಐ.ಯೇ ಸರಿ, ಅದರ ಮೈ ಉಜ್ಜಿ, ಅದಕ್ಕೇ ಅಂತ ಇರುವ ಪ್ರೈಮರ್ ಕೊಟ್ಟು ಆಮೇಲೆ ಕಪ್ಪು ಬಳಿದರೆ ಸಿಪ್ಪೆ ಏಳುವುದಿಲ್ಲ ಅಂತಲೂ ಹೇಳಿದರು. ಅಂದರೆ ನಾನು ಬೇಡ ಅಂದ ಎರಡೂ ನಾನು ಆರಿಸಿದ್ದಕ್ಕಿಂತ ಮೇಲಾಗಿದ್ದವು.

ಬೇಲೂರಿನಲ್ಲಿ ತಮ್ಮನ ರೂಮಿನ ಕೆಳಗೇ ಎಸ್.ಟಿ.ಡಿ. ಬೂತು ಇತ್ತು. ನಂಬರು ನನಗೆ ಬಾಯಿಪಾಠ. ಮೂರು ಸಲ ಫೋನೆತ್ತಿದೆ. ಆಗಷ್ಟೇ ಜನ ನನ್ನನ್ನು ಕೇಳಲು ಶುರುಮಾಡಿದ್ದರು. ಅತ್ತೆಯ ಬೆರಳೆಣ್ಣೆ ನನ್ನ ಪರೀಕ್ಷೆಯನ್ನು ಪಾಸು ಮಾಡಿಸಿತು ಅಂತ ತಿಳಿದರೆ ಊರೇ ನಗುತ್ತದೆ ಅನ್ನಿಸಿತು. ಮಳೆಗಾಲಕ್ಕೆ ಇನ್ನೂ ಬೇಕಾದಷ್ಟು ಸಮಯ ಇದೆ, ಬಳ್ಳಿ ಏರುವ ಮುಂಚೆ ಹೇಳಿದರಾಯಿತು ಅಂದುಕೊಂಡೆ. ಬಳ್ಳಿ ಏರಿತು.

ಗೌರಿ ಹಬ್ಬಕ್ಕೆ ತಮ್ಮ ತವರಿನ ಬಾಗಿನ ತಂದ. ಬಳೆ, ಅರಿಶಿನ, ರವಿಕೆ ಬಟ್ಟೆ ಇದ್ದ ಮೊರ ನನ್ನ ಕೈಗೆ ಕೊಟ್ಟು, "ಚಪ್ಪರ ನೋಡಿ ಇನ್ನೂ ಎರಡು ಕಡೆ ಕರೆದವ್ರೆ ಕಣಕ್ಕ. ಎಲ್ಲಾ ನಿನ್ನ ಬೋಲ್ಟಿನ ಮಹಿಮೆ" ಅಂದ. ಬಾಗಿನ ಹಿಡಿದುಕೊಂಡು ಹೇಳುವ ಮಾತಲ್ಲ ಅಂತ ಸುಮ್ಮನಾದೆ. ಆ ಎರಡು ಕಡೆಗೆ ಮಾತ್ರ ಜಿ.ಐ. ಕೊಟ್ಟೆ, ಪ್ರೈಮರ್ ಡಬ್ಬಿಯನ್ನೂ ಕೊಟ್ಟೆ. "ಎಣ್ಣೆಗಪ್ಪು ಯಾಕಿಲ್ಲ?" ಅಂದ. "ಖಾಲಿಯಾಗೈತೆ" ಅಂದೆ. ಅದರ ಚೀಲ ನನ್ನ ಕಾಲ ಬಳಿಯೇ ಇತ್ತು.

ಮೂರನೇ ವರ್ಷ ನಾದಿನಿಯ ಮನೆಯವರು ಹಳೇಬೀಡು ನೋಡಬೇಕು ಅಂತ ಬಂದರು. ದೇವಸ್ಥಾನ ನೋಡಿಯಾದ ಮೇಲೆ ತಿಂಡಿಗೆ ಅದೇ ಹೋಟೆಲು. ತಮ್ಮನೂ ಬೇಲೂರಿನಿಂದ ಬಂದು ಸೇರಿಕೊಂಡ. ಚಪ್ಪರದ ತುಂಬ ಮಲ್ಲಿಗೆ ಬಳ್ಳಿ. ಹೋಟೆಲಿನವರು ಪೈಪು ಹಿಡಿದು ದಿನಕ್ಕೆ ಎರಡು ಸಲ ನೀರು ಚಿಮುಕಿಸುತ್ತಿದ್ದರು, ನೆರಳಿನಲ್ಲಿ ಬೋಲ್ಟುಗಳು ಒಣಗುವ ಮಾತೇ ಇರಲಿಲ್ಲ. ಎಲ್ಲರೂ ದೋಸೆ ತಿನ್ನುತ್ತಿದ್ದರು. ನನ್ನ ಕಣ್ಣು ಕಂಬದ ಮೇಲೆ ಹೋಯಿತು. ಮೇಲಿನ ಬೋಲ್ಟಿನಿಂದ ಒಂದು ಕೆಂಪು ಗೆರೆ ಗೇಣುದ್ದ ಇಳಿದಿತ್ತು.

ನಾನು ಕೈ ತೊಳೆಯುವ ನೆವದಲ್ಲಿ ಎದ್ದು ಹೋಗಿ ಕಂಬಕ್ಕೆ ಆತು ನಿಂತೆ. ಸೆರಗಿನ ತುದಿ ಒದ್ದೆ ಮಾಡಿ ಆ ಗೆರೆಯನ್ನು ಒರೆಸಿ ಹಾಕಿದೆ.

ಫೋನು ಮಾಡದ್ದು ಅಂಜಿಕೆ ಅನ್ನಬಹುದು. ಇದಕ್ಕೆ ಯಾವ ಹೆಸರಿಡಲಿ? ಕೂಗಿ ಕರೆದರೆ ಕೇಳುವ ದೂರದಲ್ಲಿ ಅವನು ಭಾವನ ಹತ್ತಿರ ಏನೋ ಹೇಳಿ ನಗುತ್ತಿದ್ದ.

ನಾಲ್ಕನೇ ಮಳೆಗಾಲದ ಒಂದು ಬೆಳಿಗ್ಗೆ, ನೆನೆದು ಭಾರವಾದ ಬಳ್ಳಿಯ ಸಮೇತ ಚಪ್ಪರದ ಒಂದು ಪಕ್ಕ ಕಳಚಿ ಬಿತ್ತು. ಶಾಲೆಯ ಟೂರಿನ ಮಕ್ಕಳು ಆ ಪಕ್ಕದಲ್ಲೇ ಕೂತು ಇಡ್ಲಿ ತಿಂದು, ಎದ್ದು ಬಸ್ಸು ಹತ್ತಿದ್ದರು. ಬಸ್ಸು ಇನ್ನೂ ಹೊರಟಿರಲಿಲ್ಲ. ಯಾರಿಗೂ ಪೆಟ್ಟಾಗಲಿಲ್ಲ. ಒಂಬತ್ತು ಕುರ್ಚಿ ಅಪ್ಪಚ್ಚಿಯಾಗಿದ್ದವು.

ಮಾರನೇ ದಿನ ತಮ್ಮ ಅಂಗಡಿಗೆ ಬಂದ. ಶೇವ್ ಮಾಡಿರಲಿಲ್ಲ. ಟವೆಲ್ಲು ಬಿಚ್ಚಿ ಮುರಿದ ಬೋಲ್ಟುಗಳನ್ನು ಕೌಂಟರಿನ ಮೇಲೆ ಸುರಿದ.

"ನೋಡಕ್ಕಾ, ಎಲ್ಲಾ ಕತ್ತಿನತ್ರಾನೇ ಹೋಗವೆ. ಬೋಲ್ಟಿನ ತಲೆ ಬುಡದಾಗೆ. ಹೋಟೆಲಿನೋರು ಏನಂದ್ರು ಗೊತ್ತಾ? 'ನಿನ್ನ ಕೈಯಾಗೆ ಮಾಡಿಸಿದ್ದಕ್ಕೆ ಆ ಮಕ್ಕಳ ಪಾಪ ನನ್ನ ತಲೆಗೆ ಬರ್ತಿತ್ತಲ್ಲೋ' ಅಂದ್ರು."

ನಾನು ಒಂದು ತುಂಡು ಎತ್ತಿಕೊಂಡೆ. ಬೆರಳಲ್ಲಿ ಹಿಡಿದರೆ ಕೆಂಪು ಹುಡಿ ಉದುರಿತು.

"ನಾನು ರಾತ್ರಿಯೆಲ್ಲ ಯೋಚನೆ ಮಾಡ್ದೆ" ಅಂದ. "ಬೋಲ್ಟು ನೀನು ಮಳೇಲಿ ಇಟ್ಟು ಪರೀಕ್ಷೆ ಮಾಡಿದ್ದು. ಅದರಾಗೆ ಐಬಿಲ್ಲ. ನಾನು ಬಲ ಹಾಕಿ ಬಿಗಿ ಮಾಡುವಾಗ ಸ್ಪ್ಯಾನರು ಕತ್ತಿಗೆ ತಗುಲಿ ಕಪ್ಪು ಕೆರೆದು ಹೋಗೈತೆ. ಅಲ್ಲಿಂದ ತುಕ್ಕು ನುಗ್ಗೈತೆ. ನನ್ನ ಕೈದೇ ತಪ್ಪು. ಅಲ್ವೇನಕ್ಕಾ?"

ಅಕ್ಕನನ್ನು ಉಳಿಸಿ, ತನ್ನ ಮೇಲೆ ತಾನೇ ಕೇಸು ಕಟ್ಟಿಕೊಂಡು ಬಂದಿದ್ದ. ನನ್ನ ಗಂಡ ಪಕ್ಕದಲ್ಲಿ ನಿಂತಿದ್ದರು. ಒಬ್ಬ ಗಿರಾಕಿಯೂ ಇದ್ದ. ನಾನು ಏನು ಹೇಳಿದೆ ಅನ್ನುವುದನ್ನು ಇಲ್ಲಿ ಬರೆಯಲೇಬೇಕು.

"ಇರಬಹುದು ಕಣೋ" ಅಂದೆ.

ಅವನು ತಲೆ ಆಡಿಸಿದ, ಟವೆಲ್ಲು ಕೊಡವಿಕೊಂಡು ಹೋದ. ಬೇಲೂರಿನ ರೂಮು ಬಿಟ್ಟ. ಡ್ರಿಲ್ಲಿಂಗ್ ಮೆಷಿನ್ನನ್ನು ಯಾರಿಗೋ ಕೊಟ್ಟುಬಿಟ್ಟ. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಚೀಲ ಹೊಲಿದು ಲಾರಿಗೆ ಏರಿಸುವ ಕೆಲಸಕ್ಕೆ ಸೇರಿ, ಹಾರನಹಳ್ಳಿಯಿಂದ ಟೆಂಪೋದಲ್ಲಿ ಓಡಾಡತೊಡಗಿದ. ಮದುವೆಯಾಯಿತು. ಮನೆಯಲ್ಲಿ ಒಂದು ಕ್ಯಾಲೆಂಡರಿನ ಮೊಳೆ ಹೊಡೆಯಬೇಕಾದರೂ ಪಕ್ಕದ ಮನೆಯವರನ್ನು ಕರೆಯುತ್ತಿದ್ದ. ಜನ "ಏನ್ಲಾ, ನಿಂಗೆ ಲಕ್ವ ಹೊಡೆದೈತಾ?" ಅಂತ ರೇಗಿಸಿದರೆ ನಗುತ್ತಿದ್ದ.

ನಾನು ಅಂಗಡಿಯಲ್ಲಿ ಬೋಲ್ಟು ಕೇಳಿದ ಪ್ರತಿಯೊಬ್ಬರಿಗೂ ಮೊದಲು ಕೇಳುವುದು, "ಒಳಗೋ, ಹೊರಗೋ?" ಹೊರಗೆ ಅಂದರೆ ಎಷ್ಟು ಅಂಗಲಾಚಿದರೂ ಎಣ್ಣೆಗಪ್ಪು ಕೊಡುತ್ತಿರಲಿಲ್ಲ. ನೀರು ಬೀಳುತ್ತದೋ, ನೆರಳೋ ಬಿಸಿಲೋ, ಗೊಬ್ಬರ ತಾಕುತ್ತದೋ ಅಂತ ವಿಚಾರಿಸಿ ಜಿ.ಐ. ಕೊಟ್ಟು, ಅದಕ್ಕೆ ಅದರದ್ದೇ ನಟ್ಟು ಜೊತೆಗೂಡಿಸಿ, ಕಪ್ಪು ಬಳಿಯುವ ಕ್ರಮವನ್ನು ಎರಡು ಸಲ ಹೇಳಿ ಕಳಿಸುತ್ತಿದ್ದೆ. ಇಡೀ ತಾಲ್ಲೂಕಿಗೆ ಸತ್ಯ ಹೇಳುತ್ತಿದ್ದೆ. ಮಂಡಿಯಿಂದ ಮಧ್ಯಾಹ್ನ ಊಟಕ್ಕೆ ನಮ್ಮ ಮನೆಗೇ ಬರುತ್ತಿದ್ದ ತಮ್ಮನಿಗೆ ಮುದ್ದೆ ಬಡಿಸಿ, ಸಾರು ಸಾಕಾ ಅಂತ ಕೇಳುತ್ತಿದ್ದೆ.

ಅವನಿಗೆ ಹೆಣ್ಣುಮಗು ಹುಟ್ಟಿತು. ನಾಮಕರಣದ ದಿನ ಬೆಳಿಗ್ಗೆಯೇ ಹಾರನಹಳ್ಳಿಗೆ ಹೋದೆ. ಮಗುವನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆಯಾದ ನಾನು. ನಡುಮನೆಯ ತೊಲೆಗೆ ಕೊಕ್ಕೆ ಹಾಕಿ ತೊಟ್ಟಿಲು ತೂಗು ಬಿಟ್ಟಿದ್ದರು. ತಮ್ಮ ಆ ಹಗ್ಗ ಹಿಡಿದು ಕಾಲು ಮಡಚಿ ಜೋತಾಡುತ್ತಿದ್ದ.

"ನೋಡ್ರತ್ತಿಗೆ" ಅಂದಳು ಅವನ ಹೆಂಡತಿ. "ಬೆಳಗ್ಗಿಂದ ಹಿಂಗೇ, ಕೋತಿ ಥರ. ಕೊಕ್ಕೆ ಹಾಕಿದ್ದು ಇವರೂ ಅಲ್ಲ, ಮರಗೆಲಸದ ಆಚಾರ್ರು. ಎರಡು ದಿನದಾಗೆ ಮೂರು ಸಲ ಅವರನ್ನ ಕರೆಸಿ ಕೊಕ್ಕೆ ಬಿಚ್ಚಿಸಿ ಹಾಕ್ಸವ್ರೆ. ಆಚಾರ್ರು ಕೊನೆಗೆ, ಮಗೂನ ನೆಲದ ಮ್ಯಾಲೇ ಮಲಗಿಸ್ಕೊ ಹೋಗಪ್ಪಾ ಅಂದ್ರು."

ಹೆಂಗಸರು ನಕ್ಕರು. ಅವನು ನಗಲಿಲ್ಲ.

ಹೊತ್ತಾಯಿತು. ಎಲ್ಲರೂ ಸೇರಿದರು. ನಾನು ಮಗುವನ್ನು ಎತ್ತಿಕೊಂಡು ತೊಟ್ಟಿಲ ಬಳಿ ಬಂದೆ. ಅವನು ಅಡ್ಡ ಬಂದು ನಿಂತ.

"ಒಂದ್ನಿಮಿಷ ತಡಿಯಕ್ಕ. ಇನ್ನೊಂದ್ಸಲ ಎಳೆದು ನೋಡ್ತೀನಿ."

"ಎಷ್ಟು ಸಲ ನೋಡ್ತೀಯೋ?"

"ಹಂಗಲ್ಲ. ಬೆಳಿಗ್ಗೆ ಹಗ್ಗ ಗಂಟು ಹಾಕಿದ್ದು ನಾನು. ನನ್ನ ಕೈ ತಾಕೈತೆ." ದನಿ ಇಳಿಸಿದ. "ಆ ಒಂಬತ್ತು ಕುರ್ಚಿ ಮ್ಯಾಲೂ ಯಾರದೋ ಮಕ್ಕಳು ಕೂತಿದ್ರಲ್ಲಕ್ಕಾ. ಬೇಡ, ಇವಳನ್ನ ಇದರಾಗೆ ಹಾಕೋದೇ ಬೇಡ. ಮಡಿಲಲ್ಲೇ ಇಟ್ಕಂಡು ಹೆಸರು ಹೇಳು."

ನಾನು ಮಗುವನ್ನು ಅವನ ಹೆಂಡತಿಯ ಕೈಗೆ ಕೊಟ್ಟೆ. ಆರತಿ ತಟ್ಟೆ ಹಿಡಿದವರು, ಬಾಗಿಲಲ್ಲಿ ನಿಂತ ಗಂಡಸರು, ನನ್ನ ಗಂಡ, ಎಲ್ಲರೂ ಇದ್ದರು. ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಆದರೆ ಅವನು ಕೆಟ್ಟ ಕೈಯವನು ಅಂತ ಹೆಸರಾಗಿದ್ದು ಎಲ್ಲರ ಮುಂದೆ.

"ಆ ಚಪ್ಪರ ಬಿದ್ದದ್ದು ನಿನ್ನ ಕೈಯಿಂದಲ್ಲ" ಅಂದೆ. "ನಾನು ಕೊಟ್ಟ ಬೋಲ್ಟಿನಿಂದ. ಅದು ಹೊರಗಿನ ಕೆಲಸಕ್ಕೆ ಆಗೋ ಬೋಲ್ಟೇ ಅಲ್ಲ. ನಾನು ತುಳಸಿಕಟ್ಟೆ ಮೇಲೆ ಇಟ್ಟಾಗ ಅತ್ತೆ ದಿನಾ ದೀಪದೆಣ್ಣೆ ಒರೆಸ್ತಿದ್ರು. ಅದಕ್ಕೇ ತುಕ್ಕು ಬಂದಿರಲಿಲ್ಲ."

ಅವನು ತೊಟ್ಟಿಲ ಹಗ್ಗ ಹಿಡಿದೇ ನನ್ನ ಕಡೆ ತಿರುಗಿದ.

"ನಿಂಗೆ ಯಾವಾಗ ಗೊತ್ತಾಯ್ತು?"

"ನೀನು ಚಪ್ಪರ ಹಾಕಿ ತಿಂಗಳಾಗಿರಲಿಲ್ಲ."

"ನಾನು ಮುರಿದಿದ್ದು ತಂದು ಕೌಂಟರ್ ಮ್ಯಾಲೆ ಸುರಿದಾಗ?"

"ಗೊತ್ತಿತ್ತು."

"ನಾನು ಕೆರೆದಿದ್ದಕ್ಕೆ ಹಿಂಗಾಯ್ತಾ ಅಂತ ನಿನ್ನನ್ನ ಕೇಳಿದ್ನಲ್ಲ."

"ಕೇಳ್ದೆ. ನಾನು ಇರಬಹುದು ಅಂದೆ."

ಬಾಗಿಲಲ್ಲಿ ಯಾರೋ ಕೆಮ್ಮಿದರು. ನನ್ನ ಗಂಡ ನನ್ನನ್ನೇ ನೋಡುತ್ತಿದ್ದರು. ತಮ್ಮ ಹಗ್ಗ ಬಿಟ್ಟು ಗೋಡೆಗೆ ಒರಗಿ ಕೂತುಬಿಟ್ಟ. ನಾನು ಅವನ ಎದುರು ನೆಲದ ಮೇಲೆ ಕೂತೆ. ಅಕ್ಕ ತಮ್ಮನ ಕಾಲು ಮುಟ್ಟುವುದು ನಮ್ಮಲ್ಲಿಲ್ಲ, ಹಾಗಾಗಿ ಅವನ ಎರಡೂ ಕೈ ಹಿಡಿದುಕೊಂಡೆ. ಹಿಂದೆ ನಿಂತವರಿಗೂ ಕೇಳಲಿ ಅಂತ ಗಟ್ಟಿಯಾಗಿ ಹೇಳಿದೆ:

"ನಿನ್ನ ಕೈ ಯಾವತ್ತೂ ತಪ್ಪು ಮಾಡಿಲ್ಲ ಕಣೋ. ತಪ್ಪು ನಂದು. ಮೊದಲನೇದು ತಿಳೀದೆ ಆಗಿದ್ದು, ಆಮೇಲಿಂದೆಲ್ಲ ತಿಳಿದೂ ತಿಳಿದೂ ಮಾಡಿದ್ದು. ನನ್ನ ಮರ್ಯಾದೆ ಉಳಿಸ್ಕೊಳ್ಳೋಕೆ ನಿನ್ನ ಕಸುಬು ತಿಂದೆ. ನನ್ನನ್ನ ಕ್ಷಮಿಸೋ."